ಡಾಕ್ಟರಿಗೆ ಕುರಿ ವಿಷಯ ಹೇಳಿದಿರಾ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡು ತಿಂಗಳಲ್ಲಿ ಮನೆಯ ಮೂವರಿಗೆ ಜ್ವರ ಬಂತು. ಮಗನಿಗೆ ಡೆಂಗ್ಯೂ ಅಂದರು, ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಆಂಟಿಬಯಾಟಿಕ್ ಕೇಳಿದರೂ ಕೊಡಲಿಲ್ಲ. ನನಗೆ ಜ್ವರ ಬಂದ ಮೂರನೇ ದಿನವೇ ಟೈಫಾಯ್ಡಿಗೆ ಮಾಡುವ ವೈಡಾಲ್ ಪರೀಕ್ಷೆ ಪಾಸಿಟಿವ್ ಬಂತು, ಹತ್ತು ದಿನ ಮಾತ್ರೆ ನುಂಗಿದೆ. ಮಾವನವರದೇ ಬಗೆಹರಿಯುತ್ತಿಲ್ಲ. ಒಂದೂವರೆ ತಿಂಗಳಿಂದ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟ ನೋವು. ಅವರಿಗೂ ವೈಡಾಲ್ ಪಾಸಿಟಿವ್ ಅಂತ ಎರಡು ಸಲ ಕೋರ್ಸ್ ಆಯಿತು. ನಾಲ್ಕು ದಿನ ಚೆನ್ನಾಗಿರುತ್ತಾರೆ, ಮತ್ತೆ ಶುರು. ಎಲ್ಲಾ ಕ್ರಿಮಿಯಿಂದಲೇ ತಾನೇ ಬರೋದು? ಒಬ್ಬೊಬ್ಬರಿಗೆ ಒಂದೊಂದು ಥರ ಔಷಧಿ ಯಾಕೆ? ಬೋರ್‌ವೆಲ್ ನೀರನ್ನು ಕುದಿಸಿಯೇ ಕುಡಿಯುತ್ತೇವೆ. ಆದರೂ ಮಗಳ ಹಲ್ಲು ಕಂದಾಗುತ್ತಿದೆ, ಅದೂ ಕ್ರಿಮಿಯಾ? ಎಂಬತ್ತು ಕುರಿ ಇವೆ, ಈ ಸಲ ಏಳೆಂಟು ಕಂದು ಹಾಕಿದವು. ಮನೆಗೆ ಏನೋ ದೃಷ್ಟಿ ತಗುಲಿದೆ ಅನಿಸುತ್ತಿದೆ.

ಉತ್ತರ: ಮೊದಲು ಮಾವನವರ ವಿಷಯ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲನ್ನು ನೀವು ಸುಮ್ನೆ ಸಂಕಟ ಹೇಳಿಕೊಳ್ಳಲು ಬರೆದಿದ್ದೀರಿ. ಕುರಿಗಳು ಕಂದು ಹಾಕಿದವು ಅಂತ. ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ನೋವು, ರೊಪ್ಪದಲ್ಲಿ ಕಂದು ಹಾಕಿದ ಕುರಿ. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಮೂವತ್ತು ವರ್ಷ ದಾವಣಗೆರೆಯಲ್ಲಿ ಲ್ಯಾಬಿನ ಬೆಂಚಿನ ಮುಂದೆ ಕೂತ ನನಗೆ ಮೊದಲು ಹೊಳೆಯುವುದು ಬ್ರುಸೆಲ್ಲೋಸಿಸ್. ಪಶುವೈದ್ಯರು ಕಂದು ಹಾಕುವ ರೋಗ ಅನ್ನುವುದು ಇದಕ್ಕೇ. ಇದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಕುರಿ ಮೇಕೆಗಳಿಂದ ಮನುಷ್ಯರಿಗೆ ದಾಟುತ್ತದೆ.

ಇದೇ ಅಂತ ಪತ್ರ ನೋಡಿ ಹೇಳಲಾರೆ. ಟಿಬಿ ಕೂಡ ಹೀಗೇ ಸಂಜೆ ಜ್ವರ, ರಾತ್ರಿ ಬೆವರು ತರುತ್ತದೆ. ಬೆನ್ನುಮೂಳೆಗೆ ಟಿಬಿ ಆದರೆ ಸೊಂಟವೂ ನೋಯುತ್ತದೆ. ಹಾಗಾಗಿ ಎರಡಕ್ಕೂ ಪರೀಕ್ಷೆ ಆಗಬೇಕು. ನಾಳೆಯೇ ಅವರನ್ನು ಜಿಲ್ಲಾಸ್ಪತ್ರೆಗೋ ಯಾವುದಾದರೂ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಚಿತ್ರದುರ್ಗವಾದರೂ ಸರಿ, ದಾವಣಗೆರೆಯಾದರೂ ಸರಿ. ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಆದರೆ ಡಾಕ್ಟರು ಚೀಟಿ ತಿರುವಿ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿ: ನಮ್ಮಲ್ಲಿ ಕುರಿ ಇವೆ, ಈ ಸಲ ಕಂದು ಹಾಕಿದವು, ಮಾಸು ಎತ್ತಿ ಹಾಕಿದವರು ಇಂಥವರು. ನೊರೆಹಾಲು ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಹೊರಗಡೆ ಐವತ್ತು ಜನ ಕ್ಯೂನಲ್ಲಿ ಕೂತಿರುವಾಗ ಡಾಕ್ಟರು ಕಸುಬು ಏನು ಅಂತ ಕೇಳುವುದು ಮರೆಯುತ್ತಾರೆ. ನಮ್ಮ ಜನವೂ ಕುರಿಗೂ ಜ್ವರಕ್ಕೂ ಏನು ಸಂಬಂಧ ಅಂತ ಸುಮ್ಮನಿರುತ್ತಾರೆ.

ಇನ್ನೊಂದು ಮಾತು, ನೀವು ಸೊಸೆ, ನೀವು ಕೇಳೋಕೆ ಆಗಲ್ಲ. ನಿಮ್ಮ ಯಜಮಾನರ ಕೈಲಿ ಕೇಳಿಸಿ. ಈ ಕಾಯಿಲೆಯಲ್ಲಿ ಕೆಲವು ಗಂಡಸರಿಗೆ ಬೀಜ ಊದಿಕೊಂಡು ನೋಯುತ್ತದೆ. ನಾಚಿಕೆಗೆ ಯಾರಿಗೂ ಹೇಳದೆ ಪಂಚೆ ಬಿಗಿದು ಕಟ್ಟಿಕೊಂಡು ಓಡಾಡುತ್ತಿರುತ್ತಾರೆ. ಡಾಕ್ಟರಿಗೆ ಅದೊಂದು ದೊಡ್ಡ ಸುಳಿವು.

ಈಗ ಪರೀಕ್ಷೆ. ರಕ್ತದ ಕಲ್ಚರ್ ಮಾಡಿಸಿ ಅಂತ ಕೇಳಿ. ಕಲ್ಚರ್ ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಕಣ್ಣಾರೆ ನೋಡುವುದು. ತೋಳನ್ನು ಚೆನ್ನಾಗಿ ಸ್ಪಿರಿಟ್ ಹಾಕಿ ಒರೆಸಿ ಎಂಟು ಹತ್ತು ಎಂಎಲ್ ರಕ್ತ ತೆಗೆಯುತ್ತಾರೆ. ಬ್ಯಾಕ್ಟೀರಿಯಾಕ್ಕೆ ಊಟವಾಗುವ ಸಾರು ತುಂಬಿದ ಬಾಟಲಿಗೆ ಅದನ್ನು ಹಾಕಿ 37 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಮೈಯ ಕಾವೇ ಅದು. ಬಾಟಲಿಯಲ್ಲಿ ಏನಾದರೂ ಬೆಳೆದರೆ ಒಂದು ಹನಿ ತೆಗೆದು ತಟ್ಟೆಯ ಮೇಲೆ ಗೀರುತ್ತೇವೆ. ತಟ್ಟೆಯಲ್ಲಿರುವ ಗಟ್ಟಿ ಪದಾರ್ಥ ನಿಮಗೂ ಗೊತ್ತಿರುವುದೇ. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಜೆಲ್ಲಿ ಮಾಡುವುದು, ಅದೇ ಅಗರ್. ಜರ್ಮನಿಯ ಬ್ಯಾಕ್ಟೀರಿಯಾ ತಜ್ಞ ಕಾಕ್ ಸಾಹೇಬರ ಲ್ಯಾಬಿಗೆ ಇದನ್ನು 1881ರ ಹೊತ್ತಿಗೆ ತಂದುಕೊಟ್ಟ ಐಡಿಯಾ ಫ್ಯಾನಿ ಹೆಸ್ಸೆ ಅನ್ನುವ ಹೆಂಗಸಿನದು. ಅಡುಗೆಮನೆಯಲ್ಲಿ ಬಳಸಿ ಗೊತ್ತಿತ್ತು ಆಕೆಗೆ. ನಾವು ಆ ಅಗರಿಗೆ ಕುರಿಯ ರಕ್ತ ಬೆರೆಸುತ್ತೇವೆ. ಕುರಿಯಿಂದ ಬಂದ ಬ್ಯಾಕ್ಟೀರಿಯಾಕ್ಕೆ ಕುರಿ ರಕ್ತದ ಊಟ.

ಟೈಫಾಯ್ಡಿನ ಬ್ಯಾಕ್ಟೀರಿಯಾ ಆದರೆ ಮಾರನೇ ದಿನಕ್ಕೇ ತಟ್ಟೆ ತುಂಬ ಬೆಳೆದಿರುತ್ತದೆ. ಬ್ರುಸೆಲ್ಲೋಸಿಸ್ ತರುವ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಹಾಗಲ್ಲ. ಮೊದಲ ದಿನ ತಟ್ಟೆ ಖಾಲಿ. ಎರಡನೇ ದಿನ ಓರೆ ಹಿಡಿದು ನೋಡಿದರೆ ಏನೋ ಇದ್ದಂತೆ, ಇಲ್ಲದಂತೆ. ಮೂರನೇ ದಿನದ ಹೊತ್ತಿಗೆ ಇಬ್ಬನಿಯ ಸಣ್ಣ ಹನಿಗಳ ಹಾಗೆ ಕಾಣಿಸುತ್ತದೆ. ಅದನ್ನು ಗಾಜಿನ ಸ್ಲೈಡಿಗೆ ಸವರಿ ಬಣ್ಣ ಹಾಕಬೇಕು. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್‌ನಲ್ಲಿ ತೊಳೆದು ಕೊನೆಗೆ ಕೆಂಪು. ಮೊಳಕಾಲ್ಮೂರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಯೋಡಿನ್ ಇಲ್ಲಿ ಬಣ್ಣ ಕಚ್ಚಿಸುವ ಪದಾರ್ಥ. ಗೋಡೆ ದಪ್ಪ ಇರುವ ಬ್ಯಾಕ್ಟೀರಿಯಾ ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ಗೋಡೆ ತೆಳು ಇದ್ದದ್ದು ಸ್ಪಿರಿಟ್‌ಗೆ ನೇರಳೆಯನ್ನೆಲ್ಲ ಕಳೆದುಕೊಂಡು ಕೆಂಪು ಹಿಡಿಯುತ್ತದೆ. 1884ರಲ್ಲಿ ಗ್ರಾಮ್ ಅನ್ನುವ ಡೆನ್ಮಾರ್ಕಿನ ಡಾಕ್ಟರು ಕಂಡುಹಿಡಿದ ಈ ಉಪಾಯ ಇವತ್ತಿಗೂ ಲ್ಯಾಬಿನ ಮೊದಲ ಕೆಲಸ. ಬ್ರುಸೆಲ್ಲಾ ಈ ಸ್ಲೈಡಿನಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಕೆಂಪಗೆ ನುಣ್ಣನೆಯ ಮರಳು ಚೆಲ್ಲಿದ ಹಾಗೆ. ಒಂದು ಸಲ ನೋಡಿದವರು ಮರೆಯುವುದಿಲ್ಲ.

ನಾನಂತೂ ಮರೆಯಲಾರೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿಗೆ ಹೀಗೇ ಒಂದು ಬಾಟಲಿ ಬಂತು. ಜೊತೆಯ ಚೀಟಿಯಲ್ಲಿ ಜ್ವರ ಅಂತ ಒಂದೇ ಪದ. ಕುರಿಯ ಸುದ್ದಿ ಇಲ್ಲ. ನನ್ನ ಕಿರಿಯ ಸಹೋದ್ಯೋಗಿ ತಟ್ಟೆಯ ಮುಚ್ಚಳ ತೆಗೆದು ಮೂಸಿ ನೋಡಿದ. ಆಗಿನ ಕಾಲದಲ್ಲಿ ನಮಗೆಲ್ಲ ಆ ಕೆಟ್ಟ ಚಟ ಇತ್ತು, ಕೆಲವು ಬ್ಯಾಕ್ಟೀರಿಯಾವನ್ನು ವಾಸನೆಯಿಂದಲೇ ಗುರುತು ಹಿಡಿಯಬಹುದು. ಮೂರು ವಾರಕ್ಕೆ ಅವನಿಗೆ ಜ್ವರ. ರಾತ್ರಿ ಎರಡು ಬನಿಯನ್ ಬದಲಿಸುವಷ್ಟು ಬೆವರು. ಆರು ವಾರ ಎರಡು ಥರದ ಮಾತ್ರೆ ನುಂಗಿ ಹುಷಾರಾದ, ಆದರೆ ಆ ಚೀಟಿಯನ್ನು ಇನ್ನೂ ಬೈಯುತ್ತಾನೆ. ಅದಕ್ಕೇ ಹೇಳುತ್ತಿರುವುದು, ಡಾಕ್ಟರಿಗೆ ಕುರಿ ವಿಷಯ ಹೇಳಿದರೆ ಚೀಟಿಗೂ ಆ ವಿಷಯ ಬರುತ್ತದೆ. ಲ್ಯಾಬಿನವರು ಬಾಟಲಿಯನ್ನು ಐದು ದಿನಕ್ಕೆ ಬಿಸಾಡದೆ ಜಾಸ್ತಿ ದಿನ ಕಾಯುತ್ತಾರೆ, ಹುಷಾರಾಗಿ ತೆರೆಯುತ್ತಾರೆ.

ಕಲ್ಚರ್ ನೆಗೆಟಿವ್ ಬಂದರೂ ರೋಗ ಇಲ್ಲ ಅಂತಲ್ಲ. ಇದರ ಜೊತೆಗೆ ರೋಸ್ ಬೆಂಗಾಲ್ ಅನ್ನುವ ಸುಲಭದ ಪರೀಕ್ಷೆ ಇದೆ. ಒಂದು ಹನಿ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಒಂದು ಹನಿ ಗುಲಾಬಿ ಬಣ್ಣದ ದ್ರಾವಣ. ಬೆರೆಸಿ ನಾಲ್ಕು ನಿಮಿಷ ಆಡಿಸಿದರೆ ರೋಗ ಇದ್ದವರದ್ದು ಹಾಲು ಒಡೆದ ಹಾಗೆ ಕಣಕಣವಾಗುತ್ತದೆ. ಇನ್ನೂ ಖಚಿತ ಮಾಡಿಕೊಳ್ಳಲು ಬೇರೆ ಪರೀಕ್ಷೆಗಳಿವೆ.

ಬ್ರುಸೆಲ್ಲಾ ಆಗಿದ್ದರೆ ಔಷಧಿ ಇದೆ, ವಾಸಿಯೂ ಆಗುತ್ತದೆ. ಆದರೆ ಐದು ದಿನದ ಇಂಜೆಕ್ಷನ್ನಿಗೆ ಬಗ್ಗುವ ಆಸಾಮಿ ಅಲ್ಲ ಅದು. ಕಾವಲಿಗೆ ಇರುವ ನಮ್ಮ ಬಿಳಿ ರಕ್ತಕಣಗಳ ಒಳಗೇ ಹೋಗಿ ಕೂರುತ್ತದೆ. ಪೊಲೀಸ್ ಠಾಣೆಯಲ್ಲೇ ಕಳ್ಳ ಅಡಗಿದ ಹಾಗೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ರಿಫಾಂಪಿಸಿನ್ ಅಥವಾ ಕೆಲವು ದಿನದ ಇಂಜೆಕ್ಷನ್. ಎರಡನೇ ವಾರಕ್ಕೇ ಜ್ವರ ಹೋಯಿತು ಅಂತ ಬಿಟ್ಟರೆ ವಾಪಸ್ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ರಿಫಾಂಪಿಸಿನ್ ಟಿಬಿಗೂ ಮುಖ್ಯ ಔಷಧಿ. ಟಿಬಿ ಇದೆಯಾ ಇಲ್ಲವಾ ನೋಡದೆ ಅದನ್ನು ಶುರು ಮಾಡಿದರೆ ಟಿಬಿ ಅರ್ಧ ಮುಚ್ಚಿಕೊಂಡು, ಆಮೇಲೆ ಔಷಧಿಗೆ ಜಗ್ಗದ ಹಾಗೆ ಆಗಬಹುದು. ಅದಕ್ಕೇ ಎರಡೂ ಪರೀಕ್ಷೆ ಅಂದದ್ದು. ಟಿಬಿ ಪರೀಕ್ಷೆ ಮತ್ತು ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಇನ್ನು ವೈಡಾಲ್. ಈ ಪರೀಕ್ಷೆ ಬಂದದ್ದು 1896ರಲ್ಲಿ. ಅದು ಟೈಫಾಯ್ಡಿನ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ. ಅದರ ವಿರುದ್ಧ ನಮ್ಮ ಮೈ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಕಳ್ಳನನ್ನು ಹಿಡಿಯುವುದಲ್ಲ, ನಾಯಿ ಬೊಗಳಿತಾ ಅಂತ ಕೇಳುವುದು. ಹಿಂದೊಮ್ಮೆ ಟೈಫಾಯ್ಡ್ ಆಗಿದ್ದರೂ, ಲಸಿಕೆ ತಗೊಂಡಿದ್ದರೂ, ಬೇರೇನೋ ಜ್ವರ ಬಂದಿದ್ದರೂ ನಾಯಿ ಬೊಗಳಬಹುದು. ಹೊಸದಾಗಿ ಟೈಫಾಯ್ಡ್ ಬಂದವರಲ್ಲಿ ಆಂಟಿಬಾಡಿ ಕಾಣಿಸಿಕೊಳ್ಳಲು ಒಂದು ವಾರವಾದರೂ ಬೇಕು. ನಿಮಗೆ ಮೂರನೇ ದಿನಕ್ಕೇ ಪಾಸಿಟಿವ್ ಬಂತು ಅಂದರೆ ಅದು ಹಳೆಯ ನೆನಪು ಇರುವ ಸಾಧ್ಯತೆಯೇ ಜಾಸ್ತಿ. ನಿಮ್ಮದು ಟೈಫಾಯ್ಡ್ ಅಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ಮಾತ್ರೆ ನುಂಗುವ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿದ್ದರೆ ಗೊತ್ತಾಗುತ್ತಿತ್ತು, ಅಷ್ಟೇ. ಮಾತ್ರೆ ಶುರುವಾದ ಮೇಲೆ ಕಲ್ಚರ್ ಮಾಡಿಸುವುದು ಇಲಿ ಪಾಷಾಣ ಇಟ್ಟ ಮೇಲೆ ಇಲಿ ಎಣಿಸುವ ಹಾಗೆ. ಇನ್ನೊಂದು, ಟೈಫಾಯ್ಡ್ ಹೋಯಿತಾ ನೋಡೋಣ ಅಂತ ತಿಂಗಳಿಗೊಮ್ಮೆ ವೈಡಾಲ್ ಮಾಡಿಸುತ್ತಾ ಹೋಗಬೇಡಿ. ಹುಷಾರಾದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಇರುತ್ತದೆ. ಆ ಕಾಗದ ಹಿಡಿದುಕೊಂಡು ವರ್ಷವಿಡೀ ಮಾತ್ರೆ ನುಂಗಿದವರನ್ನು ನಾನು ಎಷ್ಟೋ ನೋಡಿದ್ದೇನೆ.

ಎಲ್ಲಾ ಕ್ರಿಮಿಯೇ ತಾನೇ ಅಂತ ಕೇಳಿದ್ದೀರಿ. ಕ್ರಿಮಿ ಅನ್ನುವುದು ಕಾಳು ಅಂದ ಹಾಗೆ. ಕಡಲೆಯೂ ಕಾಳೇ, ಹೆಸರೂ ಕಾಳೇ, ಬೇಯುವ ಹೊತ್ತು ಬೇರೆ. ಬ್ಯಾಕ್ಟೀರಿಯಾ ಒಂದು ಸ್ವಂತ ಜೀವಿ. ಒಂದು ಮಿಲಿಮೀಟರಿನಲ್ಲಿ ಐನೂರರಿಂದ ಸಾವಿರ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣದು. ಆದರೂ ಅದಕ್ಕೆ ಗೋಡೆ ಇದೆ, ಊಟ ಮಾಡುತ್ತದೆ, ಎರಡಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಎರಡಾಗುವ ಜಾತಿಯದ್ದಾದರೆ, ಅನ್ನ ನೀರು ಸಿಗುತ್ತಿದ್ದರೆ, ಒಂದೇ ಒಂದು ಬ್ಯಾಕ್ಟೀರಿಯಾ ಎಂಟು ಗಂಟೆಯಲ್ಲಿ 1 ಕೋಟಿ 67 ಲಕ್ಷ ಆಗುತ್ತದೆ. ಎಲ್ಲವೂ ಕೆಟ್ಟವಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ ಬರುವುದು ಇಂಥವುಗಳಿಂದಲೇ. ದಾವಣಗೆರೆಯವರು ಬೆಣ್ಣೆದೋಸೆ ತಿನ್ನುತ್ತಾ ಬ್ಯಾಕ್ಟೀರಿಯಾವನ್ನು ಬೈಯುವ ಹಾಗಿಲ್ಲ.

ನಿಮ್ಮ ಮಗನ ಡೆಂಗ್ಯೂ ವೈರಸ್‌ನದ್ದು. ವೈರಸ್‌ಗೆ ಸ್ವಂತ ಮನೆಯೂ ಇಲ್ಲ, ಒಲೆಯೂ ಇಲ್ಲ. ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಾಲು ಸಣ್ಣದು. ಮಂಡಕ್ಕಿ ಭಟ್ಟಿಗೆ ಯಾರೋ ನುಗ್ಗಿ, ನಿಮ್ಮದೇ ಅಕ್ಕಿ, ನಿಮ್ಮದೇ ಮರಳು, ನಿಮ್ಮದೇ ಕೆಲಸದವರಿಂದ ತನ್ನ ಮಾಲು ಹುರಿಸಿಕೊಂಡು ಹೋದ ಹಾಗೆ ನಮ್ಮ ಜೀವಕೋಶದ ಒಳಗೆ ಹೋಗಿ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಪೆನಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಗೆ. ಡಾಕ್ಸಿಸೈಕ್ಲಿನ್ ಹೊಡೆಯುವುದು ಅದರ ಒಳಗಿನ ಪ್ರೋಟೀನ್ ಯಂತ್ರಕ್ಕೆ. ವೈರಸ್‌ಗೆ ಎರಡೂ ಇಲ್ಲ. ಹೊಡೆಯುವುದು ಎಲ್ಲಿಗೆ? ಹಾಗಾಗಿ ಆಂಟಿಬಯಾಟಿಕ್ ಕೊಡದ ಡಾಕ್ಟರು ಸರಿಯಾದ ಡಾಕ್ಟರೇ. ನೀವು ಕೇಳಿದರೂ ಕೊಡಲಿಲ್ಲ ಅಂದರಲ್ಲ, ಅದಕ್ಕೆ ಸ್ವಲ್ಪ ಧೈರ್ಯವೂ ಬೇಕು. ಡೆಂಗ್ಯೂನಲ್ಲಿ ನೋಡಿಕೊಳ್ಳಬೇಕಾದ್ದು ಬೇರೆ: ಜ್ವರ ಇಳಿಯುವ ದಿನಗಳಲ್ಲೇ ಅಪಾಯ ಜಾಸ್ತಿ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೂಕಡಿಕೆ ಕಂಡರೆ ತಕ್ಷಣ ಆಸ್ಪತ್ರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ಡೆಂಗ್ಯೂ ಸೊಳ್ಳೆ ಚರಂಡಿಯದ್ದಲ್ಲ, ನಿಮ್ಮ ಡ್ರಮ್ಮಿನದು. ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ, ಎಲ್ಲರ ಮನೆಯಲ್ಲೂ ಡ್ರಮ್ಮು, ತೊಟ್ಟಿ. ಮೊಟ್ಟೆ ಇಟ್ಟು ಸೊಳ್ಳೆ ಹಾರಲು ಒಂದು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರು ಹಾಕಿ ಉಜ್ಜಿ. ಬರೀ ನೀರು ಚೆಲ್ಲಿದರೆ ಸಾಲದು, ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ.

ಬ್ಯಾಕ್ಟೀರಿಯಾ, ವೈರಸ್ ಎರಡೇ ಅಲ್ಲ. ತೊಡೆಸಂದಿಯ ಹುಳುಕಡ್ಡಿ ಶಿಲೀಂಧ್ರದ್ದು, ಅಂದರೆ ಬೂಷ್ಟಿನ ಜಾತಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ತುರಿಕೆ ನಿಲ್ಲುತ್ತದೆ, ಬೂಷ್ಟು ಹರಡುತ್ತದೆ. ಮಲೇರಿಯಾ ಇನ್ನೊಂದು ಜಾತಿ ಪರೋಪಜೀವಿಯದ್ದು, ಜಂತುಹುಳು ನಿಜವಾದ ಹುಳು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಹತ್ತುವುದಿಲ್ಲ. ಹೊಟ್ಟೆಹುಣ್ಣಿನ ಕಥೆ ಕೇಳಿದರೆ ನಗು ಬರುತ್ತದೆ. ಎಷ್ಟೋ ವರ್ಷ ಮಿರ್ಚಿ ಮಂಡಕ್ಕಿಯನ್ನೂ ಟೆನ್ಷನ್ನನ್ನೂ ಬೈದೆವು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಒಂದು ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. ಬಹಳಷ್ಟು ಹುಣ್ಣುಗಳಿಗೆ ಕಾರಣ ಅದೇ. 2005ರಲ್ಲಿ ಅವನಿಗೂ ಅವನ ಜೊತೆಗಾರ ವಾರೆನ್‌ಗೂ ನೊಬೆಲ್ ಬಂತು. ಮೆಣಸಿನಕಾಯಿ ಮರ್ಯಾದೆಯನ್ನು ಯಾರೂ ವಾಪಸ್ ಕೊಡಲಿಲ್ಲ.

ಮಗಳ ಹಲ್ಲಿನದು ಮಾತ್ರ ಕ್ರಿಮಿಯ ಕೆಲಸ ಇರಲಾರದು. ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ನನ್ನ ಗುಮಾನಿ ಫ್ಲೋರೈಡ್ ಮೇಲೆ. ನಿಮ್ಮ ಚಳ್ಳಕೆರೆ, ಮೊಳಕಾಲ್ಮೂರು, ಆ ಕಡೆ ಜಗಳೂರು, ಈ ಸೀಮೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಅದು ಜಾಸ್ತಿ. ಕಲ್ಲಿನಿಂದ ನೀರಿಗೆ ಇಳಿಯುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿಗೆ ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಪಟ್ಟೆ. ತುಂಬಾ ವರ್ಷ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ.

ಇಲ್ಲೇ ನಿಮ್ಮ ಕುದಿಸುವ ಅಭ್ಯಾಸ ತಿರುಗಿಬಿದ್ದಿದೆ. ಕುದಿಸಿದರೆ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ, ನಿಜ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತದ್ದು ನೆನಪಿದೆಯಲ್ಲ. ಆದರೆ ಫ್ಲೋರೈಡ್ ಸಾಯಲು ಅದೇನು ಜೀವವೇ? ನೀರು ಆವಿಯಾಗುತ್ತದೆ, ಅದು ತಳದಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇದ್ದ 10 ಲೀಟರ್ ನೀರನ್ನು 8 ಲೀಟರ್ ಆಗುವ ತನಕ ಕುದಿಸಿದರೆ ಅದು 2.5 ಆಗುತ್ತದೆ. ಹಾಗಾಗಿ ಮೊದಲು ಬೋರ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಪಂಚಾಯ್ತಿಯಲ್ಲಿ ಕೇಳಿ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಊರಲ್ಲಿದ್ದರೆ ಕುಡಿಯಲು, ಅಡುಗೆಗೆ ಅದೇ ನೀರು ಬಳಸಿ. ಫಿಲ್ಟರ್ ಕಾಲಕಾಲಕ್ಕೆ ಬದಲಿಸುತ್ತಾರಾ ಅಂತಲೂ ವಿಚಾರಿಸಿ. ಹಿಡಿದಿಟ್ಟ ಮಳೆನೀರಾದರೆ ಫ್ಲೋರೈಡ್ ಭಯ ಇಲ್ಲ, ಅದನ್ನು ಕುದಿಸಿ ಕುಡಿಯಿರಿ.

ದೃಷ್ಟಿ ತೆಗೆಸುವುದಾದರೆ ತೆಗೆಸಿ, ನನ್ನ ತಕರಾರಿಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಮಾರಮ್ಮನಿಗೆ ಹರಕೆಯನ್ನೂ ಹೊತ್ತರು, ಮನೆಯಲ್ಲಿ ಇಲಿ ಬಿದ್ದರೆ ಊರಾಚೆ ಗುಡಿಸಲನ್ನೂ ಹಾಕಿಕೊಂಡರು. ಪ್ಲೇಗಿನ ಬ್ಯಾಕ್ಟೀರಿಯಾ ಗೊತ್ತಾದದ್ದು 1894ರಲ್ಲಿ, ದೂರದ ಹಾಂಗ್‌ಕಾಂಗಿನಲ್ಲಿ. ಅದರ ಹೆಸರೇ ಕೇಳದವರು ಇಲಿಯ ಸಾವಿಗೂ ಮನುಷ್ಯನ ಸಾವಿಗೂ ಇರುವ ನಂಟನ್ನು ಹಿಡಿದಿದ್ದರು. ನಿಮ್ಮ ಮನೆಯಲ್ಲಿ ಈಗ ಇಲಿಯ ಜಾಗದಲ್ಲಿ ಕುರಿ ಇದೆ.

ಕುರಿ ಕಂದು ಹಾಕಲು ಬೇರೆ ಕಾರಣಗಳೂ ಇವೆ, ಹಾಗಾಗಿ ಪಶು ಆಸ್ಪತ್ರೆಯವರನ್ನು ಕರೆಸಿ ಕುರಿಗಳ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ. ಮಾಸು, ಸತ್ತ ಮರಿಯನ್ನು ಬರಿಗೈಲಿ ಮುಟ್ಟಬೇಡಿ. ಗ್ಲೌಸ್ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕವರ್ ಕೈಗೆ ಕಟ್ಟಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ನಾಯಿ ಎಳೆದಾಡದಂತೆ ಆಳಕ್ಕೆ ಹೂಳಿ ಮೇಲೆ ಸುಣ್ಣ ಹಾಕಿ. ಬಸುರಿ ಹೆಂಗಸರು ಆ ರೊಪ್ಪದ ಕಡೆ ಹೋಗಲೇಬಾರದು. ಹಾಲನ್ನು ಉಕ್ಕುವ ತನಕ ಕಾಯಿಸಿಯೇ ಕುಡಿಯಿರಿ, ಮೇಕೆ ಹಾಲಾದರೂ ಸರಿ.

ಮತ್ತೆ ನಿಮ್ಮನ್ನೇ ಒಂದು ಕೇಳಬೇಕಿತ್ತು. ಆ ದಿನ ಮಾಸು ಎತ್ತಿದವರು ಮಾವನವರೊಬ್ಬರೇನಾ, ಅಥವಾ ರೊಪ್ಪ ಗುಡಿಸಿದವರು ನೀವಾ? ನೀವೂ ಕೈ ಹಾಕಿದ್ದರೆ ಮಾವನವರ ಜೊತೆ ನಿಮ್ಮ ರಕ್ತವನ್ನೂ ಕೊಡಿ, ಈಗ ಜ್ವರ ಇಲ್ಲದಿದ್ದರೂ. ಪಶು ಆಸ್ಪತ್ರೆಯ ರಿಪೋರ್ಟ್ ಬಂದ ಮೇಲೆ ಅದನ್ನು ಮಾವನವರ ಫೈಲಿನಲ್ಲೇ ಇಟ್ಟುಬಿಡಿ.